ಗೌರವ್ವನ ಗೋಡೆಯ ಒಂಬತ್ತು ಚಿತ್ರ

"ಮಷಿನ್ ಬಂದ್ ಮಾಡ್ರಿ."

ಡ್ರಿಲ್ ಮಷಿನ್ನಿನ ಗದ್ದಲದಲ್ಲಿ ಶೋಭಾಳಿಗೆ ಆ ಮಾತು ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿಸಿದಾಗ ಅದು ಗದರಿಕೆಯಾಗಿತ್ತು. ಗೋಡೆಯ ಎದುರು ಮೊಣಕಾಲೂರಿ ಕೂತಿದ್ದವಳು ಹೊರಳಿ ನೋಡಿದಳು.

ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೂವತ್ತೆರಡರ ಆಸುಪಾಸಿನ ವಯಸ್ಸು, ಬಿಸಿಲಿಗೆ ಕಂದಿದ ಮುಖ, ಬೂಟಿನ ತುಂಬ ಹೊಲದ ಕರಿಮಣ್ಣು. ಅವನು ಅವಳನ್ನು ನೋಡುತ್ತಿರಲಿಲ್ಲ. ಗೋಡೆಯ ಮೇಲಿನ ಎಂಟು ಚಿತ್ರಗಳನ್ನು ನೋಡುತ್ತಿದ್ದ... ಮನೆಯೊಳಗೆ ಕಳ್ಳನನ್ನು ಕಂಡವನ ಹಾಗೆ.

ಒಂಬತ್ತನೆಯ ಚಿತ್ರ ಶೋಭಾಳ ತೊಡೆಯ ಮೇಲಿತ್ತು.

ಮೂಡಲಗಿಯ ಆ ಹೊಸ ಮನೆ ಗೌರವ್ವನದು. ಬಾಗಿಲಲ್ಲಿ ನಿಂತವನು ಅವಳ ಒಬ್ಬನೇ ಮಗ ಈಶ್ವರ, ತಾಲೂಕು ಕಚೇರಿಯಲ್ಲಿ ಸರ್ವೇಯರ್. ಹದಿನೈದು ದಿನಗಳ ಹಿಂದೆ ಗೌರವ್ವ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟನ್ನು ಹೊತ್ತು, ನೋಯುವ ಮೊಣಕಾಲಿನಲ್ಲೇ ಬಸ್ಸು ಹತ್ತಿ ಗೋಕಾಕಕ್ಕೆ ಬಂದಿದ್ದಳು. ಬಜಾರದಲ್ಲಿ ಯಾರನ್ನೋ ಕೇಳಿಕೊಂಡು ಶೋಭಾಳ ಫ್ರೇಮ್ ಅಂಗಡಿಗೆ ಬಂದು ಗಂಟು ಬಿಚ್ಚಿದ್ದಳು. ಒಳಗೆ ಬಣ್ಣದಲ್ಲಿ ಬರೆದ ಒಂಬತ್ತು ಚಿತ್ರ. ಗೋಕಾಕ ಫಾಲ್ಸಿನ ತೂಗುಸೇತುವೆ, ಪಾಳಿ ಮುಗಿಸಿ ಬರುವ ಮಿಲ್ಲಿನ ಹೆಂಗಸರು, ಗೇಟಿನ ಹತ್ತಿರ ಊಟದ ಡಬ್ಬಿ ಹಿಡಿದು ನಿಂತ ಒಬ್ಬ ತೆಳ್ಳನೆಯ ಮನುಷ್ಯ...

"ನನ್ನ ಮಗಾ ತಗದಾನವಾ ಇವನ್ನ," ಅಂದಿದ್ದಳು ಗೌರವ್ವ. "ಅವಗ ಹೇಳಬ್ಯಾಡ. ಗ್ವಾಡಿಗೆ ಏರಿದ ಮ್ಯಾಲೆ ನೋಡಲಿ. ಖುಷಿ ಆಗತಾನ."

ಖುಷಿ... ಇದೇನಾ ಖುಷಿ?

ಶೋಭಾಳಿಗೆ ಇಪ್ಪತ್ತೆಂಟು ವರ್ಷ. ಫ್ರೇಮ್ ಕಟ್ಟುವುದಷ್ಟೇ ಅಲ್ಲ, ಸ್ಕೂಟಿಯ ಮೇಲೆ ಡ್ರಿಲ್ಲು, ಲೆವೆಲ್ಲು, ಟೇಪು ಹೇರಿಕೊಂಡು ಮನೆಮನೆಗೆ ಹೋಗಿ ಅವನ್ನು ಗೋಡೆಗೆ ಹಚ್ಚಿಯೂ ಬರುತ್ತಿದ್ದಳು. ಗಿರಾಕಿಗಳ ಗೊಣಗಾಟ ಅವಳಿಗೆ ಹೊಸದಲ್ಲ. ಎದ್ದು ನಿಂತು, ತನ್ನನ್ನು ಕರೆಸಿದವರು ಗೌರವ್ವ ಕಾಕು, ತೆಗೆ ಅಂತ ಅವರು ಹೇಳಿದರೆ ತೆಗೆಯುತ್ತೇನೆ ಎಂದು ತಣ್ಣಗೆ ಹೇಳಿದಳು.

ಅವನು ಎರಡೇ ಹೆಜ್ಜೆಗೆ ಗೋಡೆಯ ಹತ್ತಿರ ಬಂದು ಮೊದಲ ಚಿತ್ರವನ್ನು ಕಿತ್ತು ಇಳಿಸಿದ. ಮುಖ ಕಾಣದ ಹಾಗೆ ಅದನ್ನು ಗೋಡೆಗೆ ಒರಗಿಸಲು ತಿರುಗಿಸಿದಾಗ ಹಿಂದೆ ಅಂಟಿಸಿದ್ದ ಅಂಗಡಿಯ ಚೀಟಿ ಕಂಡಿತು. ಓದಿದ. ಇನ್ನೊಮ್ಮೆ ಓದಿದ.

"ಬೀರಸಿದ್ದಪ್ಪ... ಇದು ಅದ ಅಂಗಡಿ ಏನು? ಹೊಳಿ ಕಡೆ ಬಜಾರದಾಗಿಂದು?"

"ಹೌದ್ರಿ. ನಮ್ಮಪ್ಪನ ಅಂಗಡಿ."

ಅವನು ನಕ್ಕ. ಅಂಥ ನಗುವನ್ನು ಶೋಭಾ ಯಾರ ಮುಖದಲ್ಲೂ ಕಂಡಿರಲಿಲ್ಲ.

"ಆಗ ಹನ್ನೆರಡು ಚಿತ್ರ ನುಂಗಿದ್ರಿ. ಉಳಿದ ಒಂಬತ್ತಕ್ಕ ಈಗ ಮನೀತನಕಾ ಬಂದೀರಿ?"

ಶೋಭಾ ಒಂಬತ್ತನೆಯ ಚಿತ್ರವನ್ನು ಗೋಡೆಗೆ ಒರಗಿಸಿಟ್ಟಳು.

ಇವನೇ... ಆ ಮನುಷ್ಯ ಇವನೇ!

2019ರ ಆಗಸ್ಟಿನಲ್ಲಿ ಹೊಳೆ ಬಂದು ಗೋಕಾಕದ ಕೆಳಗಿನ ಬಜಾರವನ್ನೆಲ್ಲ ಮುಳುಗಿಸಿದಾಗ ಶೋಭಾ ಧಾರವಾಡದಲ್ಲಿ ಬಿ.ಕಾಂ ಓದುತ್ತಿದ್ದಳು. ನೀರು ಇಳಿದ ಮೇಲೆ ತಮ್ಮೂರು ಅಂಕಲಗಿಗೆ ಬಂದಾಗ ಅಪ್ಪ ಮನೆಯ ಮೂಲೆ ಹಿಡಿದು ಕೂತಿದ್ದರು. ಚಿತ್ರ ತೆಗೆಯುವ ಯಾವನೋ ಹುಡುಗ ಅಂಗಡಿಯ ಮುಂದೆ ನಿಂತು, ಇಡೀ ಬಜಾರ ಕೇಳುವ ಹಾಗೆ ಅವರನ್ನು ಕಳ್ಳ, ಮೋಸಗಾರ ಎಂದು ಬೈದು ಹೋಗಿದ್ದನೆಂದು ಅಕ್ಕಪಕ್ಕದವರು ಹೇಳಿದ್ದರು. ಮೊಣಕಾಲಿನ ಮಟ್ಟದ ರಾಡಿಯಲ್ಲಿ ನಿಂತಿದ್ದ ಬೀರಸಿದ್ದಪ್ಪ ಒಂದು ಮಾತೂ ಆಡಲಿಲ್ಲವಂತೆ. ಮರುದಿನ ಅಂಗಡಿಯ ಕೀಲಿಕೈಯನ್ನು ಮಗಳ ಕೈಯಲ್ಲಿಟ್ಟರು. ಆರು ವರ್ಷವಾಯಿತು, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಆ ಹುಡುಗನ ಹೆಸರನ್ನೂ ಯಾರಿಗೂ ಹೇಳಿರಲಿಲ್ಲ.

ಹೆಸರು ಗೊತ್ತಿಲ್ಲದ ಆ ಮನುಷ್ಯನನ್ನು ಶೋಭಾ ಆರು ವರ್ಷ ದ್ವೇಷಿಸಿದ್ದಳು. ಈಗ ಅವನು ಎದುರಿಗೇ ಇದ್ದ.

"ಬಜಾರದಾಗ ನಿಂತು ನಮ್ಮಪ್ಪನ್ನ ಕಳ್ಳ ಅಂದವರು ನೀವೇನು?"

"ಅಂದೇನಿ. ಇವತ್ತೂ ಅಂತೇನಿ. ಎರಡು ವರ್ಷ ಕುಂತು ತಗದ ಚಿತ್ರ ಅವು. ಧಾರವಾಡದಾಗ ಪ್ರದರ್ಶನ ಇತ್ತು. ನಂಬಿ ಕೊಟ್ಟಿದ್ದೆ. ನೀರಾಗ ಬಿಟ್ಟು ಓಡಿ ಹೋದ್ರು ನಿಮ್ಮಪ್ಪ."

"ಹೊಳಿನ ನಮ್ಮಪ್ಪ ಕರದಿರಲಿಲ್ರಿ," ಅಂದಳು ಶೋಭಾ. "ನಿಮ್ಮ ಹನ್ನೆರಡು ಚಿತ್ರ ಹೋದೂ, ನಮ್ಮ ಅಂಗಡಿಗೆ ಅಂಗಡೀನ ಹೋತು. ಒಮ್ಮಿಂದೊಮ್ಮೆಲೆ ನುಗ್ಗಿದ ನೀರಿಗೆ ಒಬ್ಬ ಮುದುಕ ಏನ್ ಮಾಡ್ಯಾನು? ಅಷ್ಟೂ ತಿಳಿಯಲಾರದವರು ನೀವು."

ಗೌರವ್ವ ಅಡುಗೆಮನೆಯ ಬಾಗಿಲಲ್ಲಿ ಚಹದ ತಾಟು ಹಿಡಿದು ಕಲ್ಲಿನಂತೆ ನಿಂತಿದ್ದಳು. ಶೋಭಾ ಅವಳ ಕಡೆ ನೋಡಲಾರದೆ ಸಾಮಾನು ಚೀಲಕ್ಕೆ ತುಂಬಿ ಹೊರಗೆ ನಡೆದಳು. ಗೋಕಾಕದ ದಾರಿಯುದ್ದಕ್ಕೂ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಐದನೆಯ ದಿನ ಗೌರವ್ವನ ಫೋನು ಬಂತು. ಮಗ ಒಂಬತ್ತೂ ಚಿತ್ರಗಳನ್ನು ತನ್ನ ಕೋಣೆಯ ಮಂಚದ ಕೆಳಗೆ ತಳ್ಳಿದ್ದಾನೆ, ಹೊಸ ಗೋಡೆ ಸಿಡುಬಿನ ಮುಖದಂತಾಗಿದೆ, ಆ ತೂತುಗಳನ್ನಾದರೂ ಮುಚ್ಚಿ ಹೋಗವ್ವಾ ಎಂದಳು.

ಆ ಮನೆಯ ಹೊಸ್ತಿಲು ಮತ್ತೆ ತುಳಿಯಬಾರದು ಅಂದುಕೊಂಡಿದ್ದಳು ಶೋಭಾ. ಆದರೆ ತಾನು ಕೊರೆದ ತೂತನ್ನು ಹಾಗೇ ಬಿಟ್ಟು ಬರುವ ಹೆಣ್ಣಲ್ಲ ಅವಳು. ಅವನು ಆಫೀಸಿಗೆ ಹೋಗಿರಲಿ ಎಂದು ಭಾನುವಾರ ಬಿಟ್ಟು ಶನಿವಾರ ಹೋದಳು. ಅದು ತಿಂಗಳ ಎರಡನೆಯ ಶನಿವಾರ, ಸರ್ಕಾರಿ ಸೂಟಿ ಅನ್ನುವುದು ಬಾಗಿಲು ತೆಗೆದವನ ಮುಖ ನೋಡಿದಾಗ ನೆನಪಾಯಿತು.

ಅವಳು ಮಾತಾಡದೆ ಪುಟ್ಟಿ ಕಲೆಸಿ ಒಂದೊಂದೇ ತೂತು ಮುಚ್ಚತೊಡಗಿದಳು. ಅವನು ಕೈಕಟ್ಟಿ ನಿಂತು ನೋಡಿದ. ಸುಮ್ಮನಿರಬಹುದಿತ್ತು. ಇರಲಿಲ್ಲ.

"ಚಿತ್ರ ಹಚ್ಚಾಕರೆ ಬರತೈತೇನು ನಿಮಗ? ಟೊಂಕದ ಮಟಕ್ಕ ಹಚ್ಚೀರಿ. ಚಿತ್ರಾನ ಕಣ್ಣಿನ ಮಟಕ್ಕ ಹಚ್ಚಬೇಕು. ಇಷ್ಟೂ ಗೊತ್ತಿಲ್ಲ, ಮಷಿನ್ ಹಿಡಕೊಂಡು ಬಂದಬಿಡತಾರ."

ಶೋಭಾಳ ಕೈ ನಿಂತಿತು. ಅಪ್ಪನನ್ನು ಬೈದದ್ದು ಒಂದು ಉರಿ, ಕಲಿತ ಕೆಲಸವನ್ನು ಬೈದದ್ದು ಇನ್ನೊಂದು ಉರಿ.

"ಯಾರ ಕಣ್ಣಿನ ಮಟಕ್ಕ?"

"ಅಂದ್ರ?"

"ನೀವು ಮುಂಜಾನೆ ಹೋಗಿ ಹೊತ್ತು ಮುಣಗಿದ ಮ್ಯಾಲೆ ಬರತೀರಿ. ಈ ಗ್ವಾಡಿ ಎದುರು ದಿನಾ ಕುಂದರವರು ಯಾರು? ಹೋಗಿ ನಿಮ್ಮವ್ವನ ಜಾಗಾದಾಗ ಕುಂತು ನೋಡ್ರಿ."

ಎದುರು ಗೋಡೆಯ ಹತ್ತಿರ ಗೌರವ್ವನ ತಗ್ಗಿನ ಹೊರಸು ಇತ್ತು. ಮೊಣಕಾಲು ನೋವು ಹೆಚ್ಚಾದಾಗಿನಿಂದ ಅವಳ ಹಗಲೆಲ್ಲ ಅದರ ಮೇಲೆಯೇ. ಹಟಕ್ಕೆ ಬಿದ್ದವನಂತೆ ಈಶ್ವರ ಹೋಗಿ ಕೂತ. ಮುಚ್ಚಿದ ತೂತುಗಳ ಬಿಳಿ ಗುರುತು ಸರಿಯಾಗಿ ಅವನ ಕಣ್ಣಿನ ಎದುರಿಗೆ ಸಾಲಾಗಿ ನಿಂತಿದ್ದವು. ಡಬ್ಬಿ ಹಿಡಿದ ಮನುಷ್ಯನ ಚಿತ್ರವಿದ್ದ ಜಾಗ ನೇರ ಎದುರಿಗೇ ಇತ್ತು, ಕುತ್ತಿಗೆ ಎತ್ತುವುದೂ ಬೇಕಿರಲಿಲ್ಲ.

ಆ ಮನುಷ್ಯ ಅವನ ಅಪ್ಪ. ಮೂವತ್ತು ವರ್ಷ ಫಾಲ್ಸಿನ ಮಿಲ್ಲಿನಲ್ಲಿ ದುಡಿದವರು, ಈಗ ಇಲ್ಲ ಎಂದು ಗೌರವ್ವ ಮೊದಲೇ ಹೇಳಿದ್ದಳು.

ಬಹಳ ಹೊತ್ತಿನ ಮೇಲೆ ಗೌರವ್ವ ಮಗನ ಪಕ್ಕ ಬಂದು ಕೂತಳು.

"ಮನಿ ನನ್ನ ಹೆಸರಿಲೆ ಐತಿ ಈಶ್ವರಾ," ಅಂದಳು ಮೆಲ್ಲಗೆ. "ಗ್ವಾಡೀನೂ ನಂದ. ಒಂಬತ್ತೂ ಏರಬೇಕು. ಇಬ್ಬರೂ ಕೂಡಿ ಏರಿಸ್ರಿ. ಜಗಳಾಡಿಕೋತ ಏರಿಸಿದ್ರೂ ನಡೀತೈತಿ ನನಗ."

ಜಗಳಾಡುತ್ತಲೇ ಏರಿಸಿದರು. ಪುಟ್ಟಿ ಒಣಗಿ, ಬಣ್ಣ ಬಳಿದ ಮೇಲಿನ ಭಾನುವಾರ ಈಶ್ವರ ಹಳೆಯ ಪೇಪರುಗಳನ್ನು ಒಂಬತ್ತೂ ಚಿತ್ರಗಳ ಅಳತೆಗೆ ಕತ್ತರಿಸಿ ಇಟ್ಟಿದ್ದ. ಮೊದಲು ಅವನ್ನು ಗೋಡೆಗೆ ಅಂಟಿಸಿ ನೋಡಿ, ಆಮೇಲೆ ತೂತು ಕೊರೆಯಿರಿ ಎಂಬುದು ಅವನ ಹುಕುಂ. ಅದು ಒಳ್ಳೆಯ ಉಪಾಯವೇ ಆಗಿತ್ತು. ಅದಕ್ಕೇ ಶೋಭಾಳಿಗೆ ಇನ್ನಷ್ಟು ಸಿಟ್ಟು ಬಂತು.

ಅವನು ಟೇಪು ಹಿಡಿದು ಮೂರು ಸಾಲು, ಸಾಲಿಗೆ ಮೂರು, ನಡುವೆ ಸರಿಯಾಗಿ ನಾಲ್ಕು ಇಂಚು ಎಂದು ಗುರುತು ಹಾಕಿದ.

"ಇವೇನು ಎನ್.ಎ. ಪ್ಲಾಟ್ ಏನ್ರಿ, ಗೆರಿ ಹೊಡದು ಹಂಚಾಕ?" ಎಂದು ಅವಳು ಪೇಪರುಗಳನ್ನು ಕಿತ್ತಳು.

ದೊಡ್ಡದಾದ ಮಿಲ್ಲಿನ ಹೆಂಗಸರ ಚಿತ್ರ ನಡುವೆ ಬೇಡ, ಎಡಕ್ಕೆ ಸ್ವಲ್ಪ ಕೆಳಗಿರಲಿ, ಸಣ್ಣವು ಅದರ ಸುತ್ತ ಬರಲಿ, ಹಿರಿಯರ ಸುತ್ತ ಮನೆಮಂದಿ ಕೂತ ಹಾಗೆ ಎಂದಳು. ಬಣ್ಣ ಹೆಚ್ಚು ಸೂಕ್ಷ್ಮವಾಗಿದ್ದ ತೂಗುಸೇತುವೆಗೆ ಪಡುವಣ ಕಿಟಕಿಯ ಬಿಸಿಲು ತಾಗಬಾರದು, ಅದನ್ನು ಆಚೆ ಮೂಲೆಗೆ ಒಯ್ಯಬೇಕು ಎಂದಳು. ಅವನು ಅಳತೆ ತಪ್ಪುತ್ತದೆ ಎಂದ. ಅವಳು ನೋಡುವವರು ಟೇಪು ಹಿಡಿದು ನೋಡುವುದಿಲ್ಲ ಎಂದಳು. ಒಂದು ಚಿತ್ರಕ್ಕೆ ಅರ್ಧ ತಾಸು ವಾದ. ಅಷ್ಟು ಹೊತ್ತೂ ಒಬ್ಬರ ಮುಖ ಒಬ್ಬರು ನೋಡದೆ ಗೋಡೆಯ ಜೊತೆ ಜಗಳಾಡುವವರಂತೆ ಇಬ್ಬರೂ ಗೋಡೆಗೇ ಮಾತಾಡುತ್ತಿದ್ದರು.

ಆದರೂ ಒಂದು ಹೊತ್ತಿನಲ್ಲಿ ಶೋಭಾ ಮಿಲ್ಲಿನ ಹೆಂಗಸರ ಚಿತ್ರವನ್ನು ಹಿಡಿದು ನಿಂತುಬಿಟ್ಟಳು. ಅದರಲ್ಲಿ ಕೊನೆಗೆ ನಡೆಯುವ ಹೆಂಗಸೊಬ್ಬಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದಳು. ಹಿಮ್ಮಡಿ ಒಡೆದಿತ್ತು. ಆ ಒಡಕನ್ನು ಎಷ್ಟು ಜೀವ ಇಟ್ಟು ಬರೆದಿದ್ದನೆಂದರೆ...

ಇಂಥದ್ದನ್ನು ಕಂಡವನು ನನ್ನಪ್ಪನನ್ನು ಯಾಕೆ ಕಾಣಲಿಲ್ಲ?

ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಕೊನೆಗೆ ಉಳಿದದ್ದು ಡಬ್ಬಿ ಹಿಡಿದ ಅಪ್ಪನ ಚಿತ್ರ. ಅವಳು ಸ್ಕ್ರೂ ಹಾಕಿ, ಕೊಡಿ ಎಂದು ಕೈ ಚಾಚಿದಳು. ಅವನು ಕೊಡಲಿಲ್ಲ. ನೋಡುತ್ತ ನಿಂತ.

"ಆ ಹನ್ನೆರಡರಾಗ ಏಳು ಅಪ್ಪಂದ ಇದ್ದೂ," ಎಂದ. ಮೊದಲ ಸಲ ಅವನ ದನಿಯಲ್ಲಿ ಮೊನಚು ಇರಲಿಲ್ಲ. "ಕಡೀ ವರ್ಷ ಜಡ್ಡು ಬಿದ್ದಿದ್ದ. ಹಾಸಿಗ್ಯಾಗ ಎದ್ದು ಕುಂತು ತಗಸ್ಕೊಂಡಿದ್ದ. ನನ್ನ ಮಾರಿ ಧಾರವಾಡ ಮಂದಿ ನೋಡಲಿ ಅಂತಿದ್ದ. ಹೊಳಿ ಬರೂಕಿಂತ ಎರಡ ತಿಂಗಳ ಮೊದಲ ಹೋದ..."

ಶೋಭಾ ಚಾಚಿದ ಕೈಯನ್ನು ಇಳಿಸಿದಳು.

"ಅದಾದ ಮ್ಯಾಲೆ ಕುಂಚ ಹಿಡದಿಲ್ಲ ನಾ. ಯಾರ ಮ್ಯಾಲರೆ ಸಿಟ್ಟು ಹಾಕಬೇಕಿತ್ತು... ನೀರಿನ ಮ್ಯಾಲೆ ಹಾಕಾಕ ಬರೂದಿಲ್ಲ." ಚಿತ್ರವನ್ನು ಅವಳ ಕೈಗೆ ಕೊಟ್ಟ. "ಒಮ್ಮಿಂದೊಮ್ಮೆಲೆ ನುಗ್ಗಿದ ನೀರಿಗೆ ನಿಮ್ಮಪ್ಪ ಏನ್ ಮಾಡ್ಯಾರು. ಬಜಾರದಾಗ ಹಂಗ ಅನ್ನಬಾರದಿತ್ತು. ಅವರಿಗೆ ಹೇಳ್ರಿ."

ಆರು ವರ್ಷ ಕಾದ ಮಾತು! ಅಂದು ಶೋಭಾಳ ಸ್ಕೂಟಿ ಗೋಕಾಕದಲ್ಲಿ ನಿಲ್ಲಲಿಲ್ಲ. ನೇರ ಅಂಕಲಗಿಗೆ, ಅಪ್ಪನ ಹತ್ತಿರ ಓಡಿತು.

ಬೀರಸಿದ್ದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬಿಸಿಲು ಕಾಯುತ್ತಿದ್ದರು. ಶೋಭಾ ಉಸಿರು ಬಿಡದೆ ಎಲ್ಲ ಹೇಳಿದಳು. ಆ ಹುಡುಗ ಸಿಕ್ಕ, ಜಗಳವಾಯಿತು, ಇವತ್ತು ತಪ್ಪು ಒಪ್ಪಿಕೊಂಡ, ನೀರು ಒಮ್ಮೆಲೇ ಬಂತು ಅನ್ನುವುದು ಅವನಿಗೂ ತಿಳಿಯಿತು...

ಅಪ್ಪನ ಮುಖ ಅರಳುತ್ತದೆ ಅಂದುಕೊಂಡಿದ್ದಳು. ಅದು ಇನ್ನಷ್ಟು ಬಾಡಿತು.

"ನೀರು ಒಮ್ಮೆಲೆ ಬರಲಿಲ್ಲ ತಂಗಿ," ಎಂದರು. "ಎರಡ ತಾಸ ಮೊದಲ ಡಂಗುರಾ ಸಾರಿದ್ರು."

ಶೋಭಾ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತಳು.

ಬಾಜೂ ಅಂಗಡಿಯ ಅಲ್ಲಾಬಕ್ಷನ ಟೆಂಪೋ ಒಂದೇ ಇತ್ತಂತೆ. ಓಣಿಯವರ ಮಕ್ಕಳು, ಮುದುಕರು, ಸಾಮಾನು ಎಲ್ಲ ಅದರಲ್ಲೇ. ಬೀರಸಿದ್ದಪ್ಪನಿಗೆ ಸಿಕ್ಕದ್ದು ಒಂದು ಟ್ರಂಕಿನ ಜಾಗ. ಒಂದು ಕಡೆ ಈಶ್ವರನ ಹನ್ನೆರಡು ಚಿತ್ರ. ಇನ್ನೊಂದು ಕಡೆ ಊರೂರಿನವರು ಕಟ್ಟು ಹಾಕಿಸಲು ಬಿಟ್ಟಿದ್ದ, ತೀರಿಹೋದವರ ಇಪ್ಪತ್ಮೂರು ಫೋಟೋ.

"ಹುಡುಗ ಬದುಕ್ಯಾನ, ಮತ್ತ ತಗೀತಾನ ಅಂದ್ಕೊಂಡೆ. ಸತ್ತವರು ಇನ್ನೊಮ್ಮೆ ಬಂದು ಫೋಟೋಕ್ಕ ಕುಂದರತಾರೇನವಾ? ಇಪ್ಪತ್ಮೂರನ್ನ ತುಂಬಿದೆ. ಹನ್ನೆರಡನ್ನ ಬಿಟ್ಟೆ. ಕಣ್ಣಾರೆ ನೋಡಿ ಬಿಟ್ಟೆ."

"ಅವಗ ಯಾಕ ಹೇಳಲಿಲ್ಲಪ್ಪಾ? ಅವ ಕಳ್ಳ ಅಂದಾಗ?"

"ಏನಂತ ಹೇಳಲಿ? ನಿನ್ನ ಚಿತ್ರ ಕಡಿಮಿ ಅನಿಸಿದೂ, ಬಿಟ್ಟ ಬಂದೆ ಅಂತ ಹೇಳಲಾ? ಅದಕ್ಕಿಂತ ಕಳ್ಳ ಅನಿಸ್ಕೊಳ್ಳೂದು ಹಗುರ ಅನಿಸ್ತು."

ಆ ಹನ್ನೆರಡರಲ್ಲಿ ಏಳು ಸತ್ತ ಅಪ್ಪನವೇ ಆಗಿದ್ದವು ಎಂದು ಶೋಭಾಳ ನಾಲಿಗೆಯ ತುದಿಗೆ ಬಂತು. ಅಪ್ಪನ ಬಾಡಿದ ಮುಖ ನೋಡಿದಳು. ನುಂಗಿಕೊಂಡಳು.

ನಾಲ್ಕು ದಿನ ಅವಳಿಗೆ ಅನ್ನ ಸೇರಲಿಲ್ಲ.

ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಅವನು ಒಪ್ಪಿಕೊಂಡಾಯಿತು. ಅಪ್ಪನ ಮೇಲಿನ ಕಳಂಕ ಹೋಯಿತು. ಇಷ್ಟಕ್ಕೇ ಬಿಡು ಶೋಭಾ...

ಆದರೆ ಗುರುವಾರ ಮುಂಜಾನೆ ಅವನ ಮೆಸೇಜು ಬಂತು. ಅವ್ವ ದಿನವಿಡೀ ಗೋಡೆ ನೋಡುತ್ತಾ ಕೂತಿರುತ್ತಾಳೆ, ನೀವು ಹೇಳಿದ ಎತ್ತರವೇ ಸರಿ ಎಂದು ಬರೆದಿದ್ದ. ಕೆಳಗೆ ಇನ್ನೊಂದು ಸಾಲು... ನಿಮ್ಮ ಸಿಟ್ಟು ಇಳಿದಿದ್ದರೆ ಒಮ್ಮೆ ಮನೆಗೆ ಬನ್ನಿ.

ಆ ಸಾಲನ್ನು ಅವಳು ಹತ್ತು ಸಲ ಓದಿದಳು. ಎದೆ ಹಗುರಾಯಿತು, ಮರುಗಳಿಗೆಯೇ ಕಲ್ಲಾಯಿತು. ಅವನು ಕರೆಯುತ್ತಿದ್ದದ್ದು ಸುಳ್ಳನ್ನು ನಿಜವೆಂದು ವಾದಿಸಿದ ಶೋಭಾಳನ್ನು.

ಮಧ್ಯಾಹ್ನ ಅವಳು ಮೂಡಲಗಿಯ ತಾಲೂಕು ಕಚೇರಿಯ ಅಂಗಳದಲ್ಲಿ ನಿಂತಿದ್ದಳು. ಅವಳನ್ನು ಕಂಡು ಈಶ್ವರನ ಮುಖದಲ್ಲಿ ಬಂದ ಬೆಳಕನ್ನು ನೋಡಬಾರದೆಂದು ತಲೆ ತಗ್ಗಿಸಿದಳು. ತಗ್ಗಿಸಿದ ತಲೆಯಲ್ಲೇ ಎಲ್ಲ ಹೇಳಿದಳು. ಎರಡು ತಾಸು, ಒಂದು ಟ್ರಂಕು, ಇಪ್ಪತ್ಮೂರು ಫೋಟೋ.

"ಎರಡು ತಾಸು," ಎಂದ ಅವನು. ಅಷ್ಟೇ ಅಂದ. ಆಮೇಲೆ ಅವನ ತುಟಿ ಬಿಳಿಚಿತು. "ಒಂದು ಫೋನ್ ಮಾಡಿದ್ರ ನಾನ ಬರತಿದ್ದೆ. ತಲಿ ಮ್ಯಾಲೆ ಹೊತ್ತು ಒಯ್ತಿದ್ದೆ."

ಅವನು ಹೇಳಿದ್ದು ಸರಿಯಾಗಿತ್ತು.

"ನಮ್ಮಪ್ಪಂದು ಇರೂದು ಒಂದ ಫೋಟೋ, ಮಿಲ್ಲಿನ ಗುರುತಿನ ಚೀಟೀದು. ಅದೂ ಅಳಿಸಿ ಹೋಗೈತಿ. ಅವನೂ ಸತ್ತವನ ಇದ್ದ, ಶೋಭಾ."

"ಅವರಿಗೆ ಗೊತ್ತಿರಲಿಲ್ಲ."

"ಕೇಳಲಿಲ್ಲ. ಅದಕ್ಕ ಗೊತ್ತಿರಲಿಲ್ಲ." ಅವನು ಹೊರಳಿ ನಿಂತ. "ಹೋಗ್ರಿ. ನೀವೂ ಬ್ಯಾಡ, ನಿಮ್ಮಪ್ಪನೂ ಬ್ಯಾಡ. ನನ್ನ ಕಣ್ಣಿಗೆ ಬೀಳಬ್ಯಾಡ್ರಿ."

ನಾಲ್ಕು ಹೆಜ್ಜೆ ಹೋದವಳು ನಿಂತಳು. ಹೊರಳಿ ಗಟ್ಟಿಯಾಗಿಯೇ ಹೇಳಿದಳು.

"ಮಾಫಿ ಕೇಳಾಕ ಬಂದಿಲ್ಲ ನಾ. ನಿಮ್ಮ ಸಿಟ್ಟು ಖರೇನ ಐತಿ, ಇಟ್ಕೋರಿ. ಆದ್ರ ಓಡಿ ಹೋದ ಅನಬ್ಯಾಡ್ರಿ. ಆ ಇಪ್ಪತ್ಮೂರರಾಗ ಒಂದು ದಡ್ಡಿ ಊರಿನ ಹಜರತಬಿ ಖಾಲಾನ ಮಗಂದು. ಬೇಕಂದ್ರ ಹೋಗಿ ನೋಡ್ರಿ. ಬ್ಯಾಡಂದ್ರ ಬಿಡ್ರಿ."

ಇಪ್ಪತ್ತು ದಿನ ಕಳೆದವು. ಫೋನು ಬರಲಿಲ್ಲ. ಗೌರವ್ವನದೂ ಬರಲಿಲ್ಲ. ಶೋಭಾ ಮೂರು ಮನೆಗಳ ಗೋಡೆಗೆ ಚಿತ್ರ ಹಚ್ಚಿ ಬಂದಳು. ಒಂದು ಮನೆಯಲ್ಲಿ ಅಳತೆ ತಪ್ಪಿ ಎರಡು ಸಲ ಕೊರೆದಳು. ಹಿಂದೆಂದೂ ಹಾಗಾಗಿರಲಿಲ್ಲ. ಅವನನ್ನು ಬೈದುಕೊಂಡಳು. ಬೈದು ಮುಗಿದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಆ ಹೆಂಗಸು ನೆನಪಾಗುತ್ತಿದ್ದಳು.

ಇಪ್ಪತ್ತೊಂದನೆಯ ದಿನ ದಡ್ಡಿಯಿಂದ ಹಜರತಬಿ ಫೋನು ಮಾಡಿದಳು. ಯಾರೋ ಒಬ್ಬ ಸಾಹೇಬ ಬೈಕಿನ ಮೇಲೆ ಬಂದಿದ್ದ, ಮೈನೋದ್ದೀನನ ಫೋಟೋ ನೋಡಬೇಕೆಂದ, ನಿಮ್ಮ ಕಡೆಯವನೇನಮ್ಮಾ ಎಂದು ಕೇಳಿದಳು.

ಮೈನೋದ್ದೀನ ಅವಳ ಮಗ. ಹತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡವನು. ಹತ್ತನೆಯ ಇಯತ್ತೆಯ ಹಾಲ್ ಟಿಕೆಟ್ಟಿನ ಫೋಟೋ ಬಿಟ್ಟರೆ ಅವನದು ಬೇರೆ ಇರಲಿಲ್ಲ. ಅದನ್ನೇ ದೊಡ್ಡದು ಮಾಡಿಸಿದ್ದು. ಮಬ್ಬು ಮಬ್ಬು, ಒಂದು ಕಿವಿ ಕಾಣುವುದಿಲ್ಲ. ಹಜರತಬಿ ಅದನ್ನು ಹೊರಬಾಗಿಲಿನ ಪಕ್ಕದಲ್ಲಿ ತಾನೇ ಮೊಳೆ ಬಡಿದು ಹಾಕಿದ್ದಳು.

ಇಲ್ಲೇಕೆ ಹಾಕಿದ್ದೀರಿ, ಪಡಸಾಲೆಯಲ್ಲಿ ಜಾಗವಿತ್ತಲ್ಲ ಎಂದು ಸಾಹೇಬ ಕೇಳಿದನಂತೆ. ಹೊರಗೆ ಹೋಗುವಾಗ ಬರ್ತೀನಿ ಬೇಟಾ ಅಂತ ಅವನಿಗೆ ಹೇಳಿ ಹೋಗಬೇಕಲ್ಲಪ್ಪಾ ಎಂದಳಂತೆ ಹಜರತಬಿ. ಹೊಳೆ ಬಂದು ಬಸ್ಸುಗಳೇ ಇಲ್ಲದ ಆ ವಾರದಲ್ಲಿ ಬೀರಸಿದ್ದಪ್ಪ ಬಾತ ಕಾಲು ಎಳೆಯುತ್ತ ಬಂದು ಈ ಫೋಟೋ ಕೈಗೆ ಕೊಟ್ಟು ಹೋದ ಸುದ್ದಿಯನ್ನೂ ಹೇಳಿದಳಂತೆ. ಸಾಹೇಬ ಬಹಳ ಹೊತ್ತು ಫೋಟೋದ ಮುಂದೆ ನಿಂತಿದ್ದ. ಹೋಗುವಾಗ ಸ್ವಲ್ಪ ವಾಲಿದ್ದ ಅದನ್ನು ಎರಡೂ ಕೈಯಿಂದ ನೆಟ್ಟಗೆ ಮಾಡಿ ಹೋದನಂತೆ.

ಫೋನು ಇಟ್ಟ ಮೇಲೆ ಶೋಭಾ ಅಂಗಡಿಯ ಒಳಗೆ ಹೋಗಿ, ಗಾಜಿನ ಹಾಳೆಗಳ ಹಿಂದೆ ಕೂತು, ಯಾರಿಗೂ ಕಾಣದ ಹಾಗೆ ಅತ್ತಳು.

ಎರಡು ದಿನದ ಮೇಲೆ ಮಧ್ಯಾಹ್ನದ ಹೊತ್ತಿಗೆ ಈಶ್ವರ ಅಂಗಡಿಗೆ ಬಂದ. ಆರು ವರ್ಷದ ಹಿಂದೆ ಅವನು ನಿಂತು ಬೈದ ಅದೇ ಮೆಟ್ಟಿಲು. ಅಲ್ಲಾಬಕ್ಷ ತನ್ನ ಅಂಗಡಿಯಿಂದ ಕತ್ತು ಚಾಚಿ ನೋಡಿದ, ಗುರುತು ಹಿಡಿದ, ಎದ್ದೇ ನಿಂತ.

ಶೋಭಾ ಕೈಯಲ್ಲಿದ್ದ ಕೆಲಸ ಬಿಡಲಿಲ್ಲ.

"ಅಂಕಲಗಿಗೆ ಹೋಗಿ ಬಂದೆ," ಎಂದ ಅವನು.

ಅವಳ ಕೈ ನಿಂತಿತು. "ಏನಂದ್ರಿ ನಮ್ಮಪ್ಪಗ?"

"ಏಳು ಚಿತ್ರ ನಮ್ಮಪ್ಪಂದ ಇದ್ದೂ ಅಂತ ಹೇಳಿದೆ. ನೀವು ಹೇಳಿರಲಿಲ್ಲಂತ. ಅವರು ಅತ್ರು. ಮಾಫ್ ಮಾಡಪಾ ಅಂದ್ರು. ಬಜಾರದಾಗ ಅಂದದ್ದಕ್ಕ ನಾನೂ ಕೇಳಿದೆ. ಆಗಲಿ ಅಂತ ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಕೂಡಿ ಊಟಾ ಮಾಡಿದ್ವಿ." ಅವನು ಮೆಟ್ಟಿಲು ಹತ್ತಿ ಒಳಗೆ ಬಂದ. "ಪೂರಾ ಮಾಫ್ ಆಗೈತಿ ಅಂತ ಸುಳ್ಳ ಹೇಳೂದಿಲ್ಲ. ಹೊತ್ತು ಹಿಡೀತೈತಿ. ಆದ್ರ ಹಜರತಬಿ ಖಾಲಾನ ಎದುರು ನಿಂತಾಗ, ಆ ಟ್ರಂಕ್ ಖಾಲಿ ಮಾಡಿ ನಂದ ತುಂಬಬೇಕಿತ್ತು ಅನ್ನಾಕ ನನಗ ಬಾಯಿ ಬರಲಿಲ್ಲ."

"ಇದನ್ನ ಹೇಳಾಕ ಇಲ್ಲೀತನಕಾ ಬಂದ್ರೇನು?"

"ಇಲ್ಲ."

ಬೀದಿಯಲ್ಲಿ ಯಾರೋ ಬೈಕಿನ ಹಾರ್ನು ಬಾರಿಸುತ್ತ ಹೋದರು. ಅದು ದೂರವಾಗುವ ತನಕ ಅವನು ಕಾದ.

"ಅವತ್ತ ನೀವು ಆಫೀಸಿಗೆ ಬರಲಾರದ ಇದ್ದಿದ್ರ ನಡೀತಿತ್ತು. ನಾ ತಪ್ಪ ಒಪ್ಪಿದ್ದೆ. ನೀವು ಗೆದ್ದಿದ್ರಿ. ಗೆದ್ದದ್ದನ್ನ ವಾಪಸ್ ಕೊಡಾಕ ಬಿಸಿಲಾಗ ಬಂದು ನಿಂತ್ರಿ, ನಾ ಹೋಗ್ರಿ ಅಂದೆ. ಇಪ್ಪತ್ತ ದಿನಾ ನಿಮ್ಮನ್ನ ಬೈಕೊಂಡು ತಿರುಗಿದೆ. ಬೈಗುಳ ಮುಗೀತಿದ್ದೂ... ನೀವು ಮುಗೀತಿರಲಿಲ್ಲ."

ಶೋಭಾಳಿಗೆ ತನಗೂ ಹಾಗೇ ಆಗಿತ್ತೆಂದು ಹೇಳಬೇಕೆನಿಸಿತು. ಆದರೆ ಆರು ವರ್ಷದ ಸಿಟ್ಟು ಅಷ್ಟು ಸುಲಭಕ್ಕೆ ಜಾಗ ಬಿಡುವಂಥದ್ದಲ್ಲ.

"ನಂದೂ ಪೂರಾ ಹೋಗಿಲ್ರಿ ಸಿಟ್ಟು," ಎಂದಳು. "ನಮ್ಮಪ್ಪನ್ನ ರಾಡ್ಯಾಗ ನಿಲ್ಲಿಸಿ ಬೈದದ್ದನ್ನ ಹೆಂಗ ಮರೀಲಿ? ಮರಿಯೂದಿಲ್ಲ ನಾ. ಮದುವಿ ಆದ ಮ್ಯಾಲೂ ಅದನ್ನ ತಗದು ಜಗಳಾಡತೇನಿ, ನೆನಪಿಡ್ರಿ."

ಹೇಳಿ ಮುಗಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು.

ಅಯ್ಯೋ... ಮದುವೆ ಅಂದೆನಾ? ಅವನು ಕೇಳಿಯೇ ಇಲ್ಲವಲ್ಲ!

ಕೈಯಿಂದ ಬಾಯಿ ಮುಚ್ಚಿಕೊಂಡಳು. ಈಶ್ವರ ಅವಳನ್ನೇ ನೋಡುತ್ತಿದ್ದ. ಗೋಡೆಯನ್ನಲ್ಲ, ಚಿತ್ರವನ್ನಲ್ಲ, ಅವಳನ್ನು. ಅವನ ಬಿಸಿಲಿನ ಮುಖದಲ್ಲಿ ನಗೆ ಮೆಲ್ಲಗೆ, ಬಹಳ ಮೆಲ್ಲಗೆ ಹರಡಿತು. ಅವನಿಗೆ ಎಡಗೆನ್ನೆಯ ಮೇಲೆ ಒಂದು ಸಣ್ಣ ಕುಳಿ ಬೀಳುತ್ತದೆ ಅನ್ನುವುದು ಅವಳಿಗೆ ಆಗಲೇ ಗೊತ್ತಾದದ್ದು.

"ಆಡು," ಎಂದ. "ಜೀವ ಇರೂತನಕಾ ಆಡು. ನಾ ಎಲ್ಲೂ ಹೋಗೂದಿಲ್ಲ. ನೀ ಹೇಳಿದ ಜಾಗಾದಾಗ ಕುಂತು ಕೇಳತೇನಿ."

"ಯಾರಿಗ್ರಿ ನೀ ಅಂತೀರಿ?"

"ನಿನಗ, ಶೋಭಾ."

ಅವಳು ಮುಖ ಕೆಂಪಾಗಿಸಿಕೊಂಡು ತಲೆ ತಗ್ಗಿಸಿದಳು. ಆದರೆ ಈ ಸಲ ಅವನ ಮುಖದ ಬೆಳಕನ್ನು ತಪ್ಪಿಸಿಕೊಳ್ಳುವುದಕ್ಕಲ್ಲ. ಅಲ್ಲಾಬಕ್ಷನಿಗೆ ಕೇಳಿಸಬಾರದೆಂದು ದನಿ ಇಳಿಸಿ ಹೇಳಿದಳು.

"ಇನ್ನೊಮ್ಮೆ ಅನ್ರಿ..."